ಡಿವಿಆರ್ ಆನ್ ಆಗ್ತಿಲ್ಲ, 'ಬೋರ್ಡ್ ಹೋಗಿದೆ' ಅಂತಾರೆ: ನಿಜಾನಾ?

ಪ್ರಶ್ನೆ: ಕಾರಟಗಿ ಹತ್ತಿರ ನಮ್ಮದೊಂದು ಸಣ್ಣ ರೈಸ್ ಮಿಲ್ ಇದೆ. ಎಂಟು ಸಿಸಿಟಿವಿ ಕ್ಯಾಮೆರಾ, ಅವುಗಳ ದೃಶ್ಯ ರೆಕಾರ್ಡ್ ಮಾಡುವ ಎಂಟು ಚಾನೆಲ್‌ನ ಡಿವಿಆರ್, 2 ಟಿಬಿ ಹಾರ್ಡ್ ಡಿಸ್ಕ್. ಹಾಕಿಸಿ ನಾಲ್ಕು ವರ್ಷ ಆಯ್ತು. ಹೋದ ವಾರ ಗುಡುಗು ಮಳೆ ಬಂದ ರಾತ್ರಿ ನಾಲ್ಕೈದು ಸಲ ಕರೆಂಟ್ ಹೋಗಿ ಬಂತು. ಬೆಳಿಗ್ಗೆಯಿಂದ ಡಿವಿಆರ್ ಏಳುತ್ತಿಲ್ಲ. ಮುಂದಿನ ಲೈಟ್ ಉರಿಯುತ್ತದೆ, ಕಂಪನಿಯ ಲೋಗೋ ಬರುತ್ತದೆ, ಒಳಗೆ 'ಟಿಕ್' ಅನ್ನುತ್ತದೆ, ಸ್ಕ್ರೀನ್ ಕಪ್ಪಾಗುತ್ತದೆ. ಮತ್ತೆ ಲೈಟ್, ಮತ್ತೆ ಲೋಗೋ, ಮತ್ತೆ ಟಿಕ್. ಎರಡು ದಿನದಿಂದ ಹೀಗೇ ಸುತ್ತುತ್ತಿದೆ. ಹಾಕಿದ ಹುಡುಗ ಬಂದು ನೋಡಿ 'ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ, ಹಳೇ ಡಿಸ್ಕನ್ನೇ ಅದಕ್ಕೆ ಹಾಕಿ ಫಾರ್ಮ್ಯಾಟ್ ಮಾಡಿಕೊಡ್ತೀನಿ' ಅಂದ. ನಮ್ಮ ಕಷ್ಟ ಏನಂದ್ರೆ, ಮಳೆ ಬಂದ ಹಿಂದಿನ ದಿನ ಲಾರಿಗೆ ಹಾಕಿದ ಅಕ್ಕಿ ಚೀಲದ ಲೆಕ್ಕದಲ್ಲಿ ತಕರಾರು ಬಂದಿದೆ. ಆ ರೆಕಾರ್ಡಿಂಗ್ ಬೇಕೇ ಬೇಕು. ಒಬ್ಬರು ಒಳಗಿನ ಬ್ಯಾಟರಿ ತೆಗೆದು ಹಾಕಿ ಅಂತಾರೆ, ಇನ್ನೊಬ್ಬರು ಡಿಸ್ಕನ್ನು ಫ್ರಿಡ್ಜಲ್ಲಿ ಇಡಿ ಅಂತಾರೆ, ಮಗ ಕಂಪ್ಯೂಟರಿಗೆ ಹಾಕಿ ಕಾಪಿ ಮಾಡ್ತೀನಿ ಅಂತಾನೆ. ಏನು ಮಾಡಲಿ?

ಉತ್ತರ: ಮೊದಲು ಎದ್ದು ಹೋಗಿ ಡಿವಿಆರ್‌ನ ಪ್ಲಗ್ ಕಿತ್ತು ಬನ್ನಿ. ಉಳಿದದ್ದನ್ನು ಆಮೇಲೆ ಓದಿ.

ಯಾಕಂದ್ರೆ ಅದು ಒಂದೊಂದು ಸಲ ಸುತ್ತಿದಾಗಲೂ ಒಳಗಿನ ಡಿಸ್ಕ್ ತಿರುಗಲು ಶುರು ಮಾಡಿ, ಅರ್ಧಕ್ಕೇ ಕರೆಂಟ್ ಕಡಿದು ನಿಲ್ಲುತ್ತಿದೆ. ನಿಮಿಷಕ್ಕೆ ಎರಡು ಸಲ ಅಂತ ಹಿಡಿದರೂ ಎರಡು ದಿನಕ್ಕೆ ಐದು ಸಾವಿರಕ್ಕೂ ಜಾಸ್ತಿ ಸಲ ಆಯ್ತು. ಹಾರ್ಡ್ ಡಿಸ್ಕ್ ಇಂಥ ಕೆಲಸಕ್ಕೆ ಮಾಡಿದ್ದಲ್ಲ. ನಿಮಗೆ ಬೇಕಾದ ಲಾರಿಯ ದೃಶ್ಯ ಇರುವುದು ಆ ಡಿಸ್ಕಿನಲ್ಲಿ, ಬೇರೆಲ್ಲೂ ಇಲ್ಲ.

ಈಗ ನಿಮ್ಮ ಮುಂದೆ ಎರಡು ಬೇರೆ ಬೇರೆ ತೊಂದರೆ ಇದೆ. ಒಂದು, ಡಿವಿಆರ್ ಏಳುತ್ತಿಲ್ಲ. ಇನ್ನೊಂದು, ರೆಕಾರ್ಡಿಂಗ್ ಬೇಕು. ಡಬ್ಬ ಬೇಕಾದರೆ ನಾಳೆ ಗಂಗಾವತಿಯಲ್ಲೇ ಸಿಗುತ್ತದೆ. ಆ ದಿನದ ರೆಕಾರ್ಡಿಂಗ್ ಯಾವ ಅಂಗಡಿಯಲ್ಲೂ ಸಿಗಲ್ಲ. ಆದ್ದರಿಂದ ಡಿಸ್ಕಿಗೆ ಏಟಾಗದ ಹಾಗೆ ಡಬ್ಬ ನೋಡಬೇಕು, ಡಬ್ಬ ಎದ್ದು ನಿಲ್ಲಲಿ ಅಂತ ಡಿಸ್ಕನ್ನು ಬಲಿ ಕೊಡಬಾರದು. ಫಾರ್ಮ್ಯಾಟ್ ಅಂದವನಿಗೆ ಸದ್ಯಕ್ಕೆ ಬೇಡ ಅಂತ ಹೇಳಿಬಿಡಿ. ಆ ಹುಡುಗ ಕೆಟ್ಟ ಉದ್ದೇಶದಿಂದ ಹೇಳಿರಲಿಕ್ಕಿಲ್ಲ. ನಮ್ಮ ಕೆಲಸದಲ್ಲಿ ಹೊಸದು ಹಾಕಿ ಹೋಗುವುದು ಸುಲಭ, ಕೂತು ಹುಡುಕುವುದಕ್ಕೆ ಟೈಮ್ ಬೇಕು.

ಬೋರ್ಡ್ ಹೋಗಿದೆಯಾ? ನೀವು ಬರೆದಿರುವುದನ್ನು ಓದಿದರೆ ನನಗೆ ಹಾಗೆ ಅನ್ನಿಸುತ್ತಿಲ್ಲ. ಲೋಗೋ ಬರುತ್ತಿದೆ ಅಂದ್ರೆ ಪ್ರೊಸೆಸರ್ ಎದ್ದಿದೆ, ಮೆಮೊರಿ ಎದ್ದಿದೆ, ಸಾಫ್ಟ್‌ವೇರ್ ಇರುವ ಚಿಪ್ ಓದಲು ಸಿಗುತ್ತಿದೆ, ಮಾನಿಟರಿಗೆ ಚಿತ್ರ ಕಳಿಸುವ ಭಾಗವೂ ಸರಿ ಇದೆ. ಬೋರ್ಡ್ ಪೂರ್ತಿ ಸತ್ತಿದ್ದರೆ ಅಷ್ಟು ದೂರ ಬರುತ್ತಿರಲಿಲ್ಲ. ಅದು ಬೀಳುವ ಹೊತ್ತು ಯಾವುದು ನೋಡಿ. ಲೋಗೋ ಬಂದು, ಡಿಸ್ಕ್ ತಿರುಗಲು ಹೊರಟಾಗ. ಇದೇ ಸುಳಿವು.

ಬೋರ್‌ವೆಲ್ ಮೋಟರ್ ಶುರುವಾಗುವಾಗ ಮನೆಯ ಬಲ್ಬ್ ಒಂದು ಕ್ಷಣ ಮಂಕಾಗುತ್ತದಲ್ವಾ? ನಿಮ್ಮ ಮಿಲ್ಲಿನಲ್ಲಂತೂ ದಿನಾ ನೋಡುತ್ತೀರಿ. ನೇರವಾಗಿ ಸ್ಟಾರ್ಟ್ ಮಾಡಿದ ಮೋಟರ್ ಮೊದಲ ಕ್ಷಣದಲ್ಲಿ ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಹಾರ್ಡ್ ಡಿಸ್ಕಿನೊಳಗೂ ಒಂದು ಮೋಟರ್ ಇದೆ. ಸಣ್ಣದು, ಆದರೆ ಬುದ್ಧಿ ಅದೇ. ತಿರುಗುತ್ತಿರುವಾಗ 12 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಕೂಡ ಬೇಡದ 3.5 ಇಂಚಿನ ಡಿಸ್ಕ್, ನಿಂತಲ್ಲಿಂದ ಏಳುವಾಗ ಒಂದೂವರೆಯಿಂದ ಎರಡು ಆಂಪಿಯರ್ ಕೇಳುತ್ತದೆ. ಡಿವಿಆರ್‌ಗೆ ಕರೆಂಟ್ ಕೊಡುವ ಅಡಾಪ್ಟರಿಗೆ ಅದನ್ನು ಕೊಡುವ ತಾಕತ್ತು ಉಳಿದಿಲ್ಲ ಅಂದ್ರೆ ವೋಲ್ಟೇಜ್ ಕುಸಿಯುತ್ತದೆ, ಬೋರ್ಡ್ ರೀಸ್ಟಾರ್ಟ್ ಆಗುತ್ತದೆ, ಡಿಸ್ಕ್ 'ಟಿಕ್' ಅಂತ ಓದಿ ಬರೆಯುವ ತನ್ನ ಹೆಡ್ಡನ್ನು ಎಳೆದುಕೊಂಡು ನಿಲ್ಲುತ್ತದೆ. ಹೊರೆ ಇಳಿದ ಕೂಡಲೇ ವೋಲ್ಟೇಜ್ ಮತ್ತೆ ಏರುತ್ತದೆ. ಮತ್ತೆ ಲೋಗೋ. ನೀವು ಹೇಳಿದ ಸುತ್ತು ಇದೇ.

'ಲೈಟ್ ಉರೀತಿದೆ, ಹಾಗಾದ್ರೆ ಅಡಾಪ್ಟರ್ ಸರಿ ಇದೆ' ಅನ್ನುವ ಮಾತು ನಾನು ವಾರಕ್ಕೆ ಎರಡು ಸಲವಾದರೂ ಕೇಳುತ್ತೇನೆ. ಆ ಸಣ್ಣ ಲೈಟಿಗೆ ಕೆಲವು ಮಿಲಿ ಆಂಪಿಯರ್ ಸಾಕು. ಸಾಯುವ ಹಂತದ ಅಡಾಪ್ಟರ್ ಕೂಡ ಅದನ್ನು ಚೆನ್ನಾಗಿಯೇ ಉರಿಸುತ್ತದೆ. ವೋಲ್ಟೇಜ್ ಅಳೆಯುವ ಮೀಟರ್ ಇಟ್ಟು ನೋಡಿದವರೂ ಇಲ್ಲೇ ಮೋಸ ಹೋಗುತ್ತಾರೆ. ಪಿನ್ ಹೊರಗೆ ತೆಗೆದು, ಏನೂ ಹೊರೆ ಇಲ್ಲದೆ ಅಳೆದರೆ 12.1 ವೋಲ್ಟ್ ತೋರಿಸುತ್ತದೆ. 'ಅಡಾಪ್ಟರ್ ಪರ್ಫೆಕ್ಟ್' ಅಂತ ಬರೆದುಕೊಂಡು, ಪಾಪ, ಬೋರ್ಡಿನ ಮೇಲೆ ತಪ್ಪು ಹೊರಿಸುತ್ತಾರೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಯೂನಿಟ್ಟಿಗೆ ಹೀಗೇ ಕರೆದಿದ್ದರು. ಇಬ್ಬರು ಬಂದು ನೋಡಿ ಬೋರ್ಡ್ ಹೋಗಿದೆ ಅಂದಿದ್ದರು. ಅಡಾಪ್ಟರ್ ಅಳೆದೆ, 12.2 ಇತ್ತು. ನನ್ನ ಬ್ಯಾಗಿನಲ್ಲಿ ಯಾವಾಗಲೂ ಕಾರಿನ ಬ್ರೇಕ್ ಲೈಟಿನ ಒಂದು ಬಲ್ಬ್ ಇರುತ್ತದೆ, 12 ವೋಲ್ಟ್, 21 ವ್ಯಾಟಿನದು. ಎರಡು ವೈರ್ ಬೆಸೆದು, ತುದಿಗೆ ಅಡಾಪ್ಟರ್ ಪಿನ್ ಕೂರುವ ಸಾಕೆಟ್ ಹಾಕಿಕೊಂಡಿದ್ದೇನೆ. ಆ ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯುತ್ತದೆ, ಡಿಸ್ಕ್ ಏಳುವಾಗ ಕೇಳುವಷ್ಟೇ. ಜೋಡಿಸಿದೆ. ಬಲ್ಬ್ ಕೆಂಪಗೆ ಕೆಂಡದ ಹಾಗೆ ಮಿನುಗಿತೇ ಹೊರತು ಬೆಳಗಲಿಲ್ಲ. ಮೀಟರ್ 7 ವೋಲ್ಟಿನ ಕೆಳಗೆ ಹೋಗಿತ್ತು. ಓನರ್ ಪಕ್ಕದಲ್ಲೇ ನಿಂತಿದ್ದರು, ಅವರಿಗೆ ನಾನು ಏನೂ ವಿವರಿಸಬೇಕಾಗಲಿಲ್ಲ. ಬೇರೆ ಅಡಾಪ್ಟರ್ ಹಾಕಿದ ಮೇಲೆ ಆ ಡಿವಿಆರ್ ಎದ್ದು ಕೂತಿತು.

ಈ ಪರೀಕ್ಷೆ ನೀವೂ ಮಾಡಬಹುದು. ಬಲ್ಬ್ ಯಾವುದೇ ಆಟೋ ಸ್ಪೇರ್ಸ್ ಅಂಗಡಿಯಲ್ಲಿ ಸಿಗುತ್ತದೆ. ಬೈಕಿನ ಇಂಡಿಕೇಟರ್ ಬಲ್ಬ್ ಹೆಚ್ಚಾಗಿ 10 ವ್ಯಾಟಿನದು, ಅದರ ಹೊರೆ ಸಾಲದು, 21 ವ್ಯಾಟಿನದೇ ಕೇಳಿ. ತಣ್ಣಗಿರುವ ಬಲ್ಬ್ ಮೊದಲ ಕ್ಷಣ ಜಾಸ್ತಿ ಎಳೆಯುತ್ತದೆ, ಒಳ್ಳೆಯ ಅಡಾಪ್ಟರೂ ಒಂದೆರಡು ಸಲ ತಡವರಿಸಬಹುದು. ಅದಕ್ಕೆ ಗಾಬರಿ ಬೇಡ. ಬಲ್ಬ್ ನೆಟ್ಟಗೆ ಹೊತ್ತಿ ಎರಡು ನಿಮಿಷ ಆದ ಮೇಲೆ ಮೀಟರ್ ನೋಡಿ. 11.5ರ ಮೇಲೆ ನಿಂತಿದ್ದರೆ ಅಡಾಪ್ಟರ್ ಗಟ್ಟಿ ಇದೆ. 2 ಆಂಪಿಯರ್ ಅಥವಾ ಜಾಸ್ತಿ ಅಂತ ಬರೆದಿರುವ ಅಡಾಪ್ಟರ್ 11ರ ಕೆಳಗೆ ಜಾರುತ್ತಾ ಹೋದರೆ ಅದನ್ನು ಬಿಸಾಕಿ. ಬಲ್ಬ್ ಬಿಸಿಯಾಗುತ್ತದೆ, ಗೋಣಿಚೀಲದ ಮೇಲೆ ಇಟ್ಟು ಮಾಡಬೇಡಿ.

ಅಡಾಪ್ಟರ್ ಯಾಕೆ ಹೀಗೆ ಸೊರಗುತ್ತದೆ? ಅದರೊಳಗೆ ಸಣ್ಣ ಡಬ್ಬಿಯ ಹಾಗೆ ಕಾಣುವ ಕೆಪಾಸಿಟರ್‌ಗಳಿರುತ್ತವೆ. ಒಳಗಿನ ದ್ರವ ಬಿಸಿಗೆ ನಿಧಾನವಾಗಿ ಒಣಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಅದರ ಆಯಸ್ಸು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕೆಲಸದಲ್ಲಿ ಎಲ್ಲರೂ ಇಟ್ಟುಕೊಂಡಿರುವ ಲೆಕ್ಕ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ದಾಟುತ್ತದೆ. ತಗಡಿನ ಶೀಟಿನ ಕೆಳಗಿನ ಆಫೀಸ್ ರೂಮು, ಅದರಲ್ಲಿ ಬೀರುವಿನ ಮೇಲೆ ಒಂದು ಮುಚ್ಚಿದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಡಿವಿಆರ್, ಅದರ ಹಿಂದೆ ಸಿಕ್ಕಿಸಿದ ಅಡಾಪ್ಟರ್. ಬಹಳಷ್ಟು ಡಿವಿಆರ್‌ಗಳ ಕೈಪಿಡಿಯಲ್ಲಿ ಸುತ್ತಲಿನ ಬಿಸಿ 55 ಡಿಗ್ರಿ ಮೀರಬಾರದು ಅಂತ ಬರೆದಿರುತ್ತದೆ. ಮೇ ತಿಂಗಳ ಮಧ್ಯಾಹ್ನ ಆ ಪೆಟ್ಟಿಗೆಯೊಳಗೆ ಕೈ ಹಾಕಿ ನೋಡಿ, ನಿಮಗೇ ಗೊತ್ತಾಗುತ್ತದೆ. ಹೀಗಿರುವಾಗ ನಾಲ್ಕು ವರ್ಷ ಬಂದ ಅಡಾಪ್ಟರ್ ಸಾಕಷ್ಟು ದುಡಿದಿದೆ ಅಂತಲೇ ನಾನು ಹೇಳುತ್ತೇನೆ. ಆ ರಾತ್ರಿ ಕರೆಂಟ್ ಹೋಗಿ ಬಂದಿದ್ದು ಕೊನೆಯ ತಳ್ಳು. ಅದಕ್ಕೆ ಮೊದಲು ಬಹಳ ದಿನ ಡಿಸ್ಕ್ ನಿಂತಿರಲಿಕ್ಕಿಲ್ಲ, ಹಾಗಾಗಿ ಎಬ್ಬಿಸುವ ತಾಕತ್ತು ಹೋಗಿರುವುದು ಯಾರಿಗೂ ಗೊತ್ತಾಗಿರಲಿಲ್ಲ.

ಹೊಸ ಅಡಾಪ್ಟರ್ ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ವೋಲ್ಟೇಜ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು. 2 ಆಂಪಿಯರಿನ ಜಾಗಕ್ಕೆ 3 ಅಥವಾ 5 ಹಾಕಿದರೆ ಏನೂ ಸುಡಲ್ಲ, ಡಿವಿಆರ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಪಿನ್ನಿನ ಒಳಭಾಗ ಪ್ಲಸ್ ಇರುವುದನ್ನು ಲೇಬಲ್ ಮೇಲೆ ನೋಡಿಕೊಳ್ಳಿ. ಕೆಲವು ಎನ್‌ವಿಆರ್‌ಗಳಿಗೆ (ನೆಟ್‌ವರ್ಕ್ ಕ್ಯಾಮೆರಾಗಳ ರೆಕಾರ್ಡರ್) 48 ವೋಲ್ಟಿನ ಅಡಾಪ್ಟರ್ ಬರುತ್ತದೆ. ಅದರ ಪಿನ್ ಡಿವಿಆರ್‌ಗೂ ಕೂತುಬಿಟ್ಟರೆ ಒಂದೇ ಕ್ಷಣದಲ್ಲಿ ಬೋರ್ಡ್ ನಿಜವಾಗಿಯೂ ಹೋಗುತ್ತದೆ. ಕ್ಯಾಮೆರಾಗಳಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆಯಿಂದ 12 ವೋಲ್ಟ್ ತೆಗೆದು ಪರೀಕ್ಷೆ ಮಾಡುವವರೂ ಇದ್ದಾರೆ. ಮಾಡಬಹುದು, ಆದರೆ ಮೊದಲು ಅಳೆಯಿರಿ. ದೂರದ ಕ್ಯಾಮೆರಾಗೆ ಸಾಲುತ್ತಿಲ್ಲ ಅಂತ ಅದರ ಸ್ಕ್ರೂ ತಿರುಗಿಸಿ 13.5, 14ರವರೆಗೂ ಏರಿಸಿ ಬಿಟ್ಟಿರುತ್ತಾರೆ. ಆ ಪೆಟ್ಟಿಗೆಯನ್ನಾಗಲಿ ಅಡಾಪ್ಟರನ್ನಾಗಲಿ ಬಿಚ್ಚಲು ಹೋಗಬೇಡಿ. ಒಳಗೆ 300 ವೋಲ್ಟಿಗೂ ಜಾಸ್ತಿ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ.

ಈಗ ಡಿವಿಆರ್ ಬಿಚ್ಚಿ. ಪ್ಲಗ್ ತೆಗೆದಿರಲಿ. ಹಿಂದಿನ ಎಲ್ಲ ಕ್ಯಾಮೆರಾ ಕೇಬಲ್, ನೆಟ್‌ವರ್ಕ್ ಕೇಬಲ್, ಮೌಸ್, ಎಲ್ಲ ಕಿತ್ತುಬಿಡಿ. ಕೀಳುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ಯಾವುದು ಎಲ್ಲಿ ಇತ್ತು ಅಂತ ಆಮೇಲೆ ತಲೆ ಕೆಡಿಸಿಕೊಳ್ಳುವುದು ಬೇಡ. ಮೇಲಿನ ಮುಚ್ಚಳದ ಸ್ಕ್ರೂ ತೆಗೆದರೆ, ರೈಸ್ ಮಿಲ್ ಅಲ್ವಾ, ಒಳಗೆ ತೌಡಿನ ಧೂಳು ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ತೌಡಿನಲ್ಲಿ ಎಣ್ಣೆ ಅಂಶ ಇದೆ, ಅದು ಅಂಟಿಕೊಳ್ಳುತ್ತದೆ, ಮಳೆಗಾಲದಲ್ಲಿ ತೇವವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಫ್ಯಾನ್ ಇದ್ದರೆ ಅದು ತಿರುಗದ ಹಾಗೆ ಜಾಮ್ ಆಗಿರುತ್ತದೆ. ಮೆತ್ತಗಿನ, ಒಣಗಿದ ಪೇಂಟ್ ಬ್ರಷ್‌ನಿಂದ ನಿಧಾನಕ್ಕೆ ಕೆಡವಿ. ಒದ್ದೆ ಬಟ್ಟೆ ಬೇಡ. ಮಿಲ್ಲಿನ ಕಂಪ್ರೆಸರ್ ಗಾಳಿಯನ್ನು ಹತ್ತಿರದಿಂದ ಹೊಡೆಯುವುದಂತೂ ಬೇಡವೇ ಬೇಡ, ಅದರಲ್ಲಿ ನೀರಿನ ಹನಿ ಬರುತ್ತದೆ. ಹಲ್ಲಿ, ಜಿರಲೆ, ಇರುವೆ ಇದೆಯಾ ನೋಡಿ. ಬೆಚ್ಚಗಿರುತ್ತದೆ ಅಂತ ಅವು ಬಂದು ಸೇರಿಕೊಳ್ಳುತ್ತವೆ. ಎರಡು ಪಿನ್‌ಗಳ ಮಧ್ಯೆ ಸುಟ್ಟು ಅಂಟಿಕೊಂಡ ಹಲ್ಲಿಯನ್ನು ನಾನು ಎಷ್ಟೋ ಬೋರ್ಡಿನಿಂದ ಬಿಡಿಸಿದ್ದೇನೆ. ಕೆಪಾಸಿಟರ್ ತಲೆ ಉಬ್ಬಿದೆಯಾ, ಎಲ್ಲಾದರೂ ಕಪ್ಪು ಕಲೆ ಇದೆಯಾ, ಸುಟ್ಟ ವಾಸನೆ ಇದೆಯಾ ಅಂತಲೂ ಗಮನಿಸಿ.

ಆಮೇಲೆ ಡಿಸ್ಕಿನ ಎರಡೂ ಕೇಬಲ್ ಬಿಡಿಸಿ, ಡಿಸ್ಕನ್ನು ಹೊರಗೆ ತೆಗೆದು, ಒಣಗಿದ ಜಾಗದಲ್ಲಿ ಬಟ್ಟೆ ಸುತ್ತಿ ಎತ್ತಿಡಿ. ಅದರ ಮೇಲಿನ ಸೀರಿಯಲ್ ನಂಬರಿನ ಫೋಟೋ ತೆಗೆದುಕೊಳ್ಳಿ. ಈಗ ಹೊಸ ಅಡಾಪ್ಟರ್ ಮತ್ತು ಮಾನಿಟರ್ ಮಾತ್ರ ಜೋಡಿಸಿ ಆನ್ ಮಾಡಿ. ಮಾನಿಟರನ್ನು ಮೊದಲೇ ಆನ್ ಮಾಡಿ ಇಟ್ಟಿರಿ. ಎಚ್‌ಡಿಎಂಐನಲ್ಲಿ ಬರದಿದ್ದರೆ ವಿಜಿಎ ಹಾಕಿ ನೋಡಿ, ಎಷ್ಟೋ ಸಲ ಡಿವಿಆರ್ ಎದ್ದಿರುತ್ತದೆ, ಹಳೆಯ ಮಾನಿಟರಿಗೆ ಆ ರೆಸಲ್ಯೂಷನ್ ಹಿಡಿಸಿರುವುದಿಲ್ಲ ಅಷ್ಟೇ.

ಲೋಗೋ ದಾಟಿ ಮೆನು ಬಂತು, ಡಿಸ್ಕ್ ಇಲ್ಲ ಅಂತ ಬೀಪ್ ಹೊಡೆಯಲು ಶುರು ಮಾಡಿತು ಅಂದ್ರೆ ಸಂತೋಷ ಪಡಿ, ಬೋರ್ಡ್ ಜೀವಂತ ಇದೆ. ಇಲ್ಲಿ ಒಂದು ಮಾತು ಸರಿಯಾಗಿ ಗಮನಿಸಿ. ಡಿಸ್ಕ್ ತೆಗೆದ ಕೂಡಲೇ ಎದ್ದಿತು ಅಂದ್ರೆ ಡಿಸ್ಕೇ ಕೆಟ್ಟಿದೆ ಅಂತ ತೀರ್ಮಾನ ಮಾಡುವವರು ಬಹಳ ಜನ. ಹಳೆಯ ಅಡಾಪ್ಟರ್ ಇಟ್ಟುಕೊಂಡು ಡಿಸ್ಕ್ ತೆಗೆದರೂ ಅದು ಏಳುತ್ತದೆ, ಯಾಕಂದ್ರೆ ಹೊರೆ ಕಮ್ಮಿ ಆಯ್ತು. ಅದಕ್ಕೇ ನಾನು ಮೊದಲು ಅಡಾಪ್ಟರ್ ಬದಲಿಸಿ, ಆಮೇಲೆ ಡಿಸ್ಕಿನ ಮಾತು ಅಂದಿದ್ದು. ಈ ಹಿಂದು ಮುಂದು ಆಗಿ ಒಳ್ಳೊಳ್ಳೆ ಡಿಸ್ಕುಗಳು ಗುಜರಿಗೆ ಹೋಗುತ್ತವೆ, ರೆಕಾರ್ಡಿಂಗ್ ಸಮೇತ.

ಹೊಸ ಅಡಾಪ್ಟರ್ ಇದ್ದು, ಡಿಸ್ಕ್ ಇಲ್ಲದೆ, ಒಂದೂ ಕೇಬಲ್ ಇಲ್ಲದೆ, ಆಗಲೂ ಸುತ್ತುತ್ತಿದ್ದರೆ ಆಗ ಬೋರ್ಡ್ ಅನ್ನಿ. ಕೇಬಲ್ ಇಲ್ಲದಾಗ ಎದ್ದು, ಯಾವುದೋ ಒಂದು ಕ್ಯಾಮೆರಾ ಕೇಬಲ್ ಹಾಕಿದ ಕೂಡಲೇ ಬಿದ್ದರೆ ತೊಂದರೆ ಆ ಸಾಲಿನಲ್ಲಿದೆ. ಗುಡುಗಿನ ರಾತ್ರಿ ಅಂದಿರಲ್ಲ, ಇದೂ ಆಗುತ್ತದೆ. ಗೋಡೌನಿನ ಆ ತುದಿಗೆ, ವೇಬ್ರಿಡ್ಜಿಗೆ ಅಂತ ಬಯಲಲ್ಲಿ ಎಳೆದ ಉದ್ದದ ಕೇಬಲ್ ಇರುತ್ತದಲ್ಲ, ಸಿಡಿಲು ಅದರ ಮೇಲೇ ಬೀಳಬೇಕು ಅಂತಿಲ್ಲ. ಹತ್ತಿರದಲ್ಲೆಲ್ಲೋ ಬಿದ್ದರೂ ಆ ಉದ್ದದ ತಂತಿಯಲ್ಲಿ ಒಂದು ಕ್ಷಣ ದೊಡ್ಡ ವೋಲ್ಟೇಜ್ ಹುಟ್ಟಿ ಡಿವಿಆರ್‌ನ ಹಿಂಬಾಗಿಲಿನಿಂದ ಒಳಗೆ ಬರುತ್ತದೆ.

ಬೋರ್ಡೇ ಹೋಗಿದ್ದರೂ ದಾರಿ ಇದೆ. 12 ವೋಲ್ಟನ್ನು 5, 3.3, 1 ವೋಲ್ಟಿನ ಆಸುಪಾಸಿಗೆ ಇಳಿಸುವ ಸಣ್ಣ ಐಸಿಗಳು ಸುಟ್ಟಿದ್ದರೆ, ಮೊಬೈಲ್, ಲ್ಯಾಪ್‌ಟಾಪ್ ಬೋರ್ಡ್ ರಿಪೇರಿ ಮಾಡುವ ಒಳ್ಳೆಯ ಕೈ ಅದನ್ನು ಬದಲಿಸಬಲ್ಲದು. ಲೋಗೋದಲ್ಲೇ ಗಟ್ಟಿಯಾಗಿ ನಿಂತು ಮುಂದೆ ಹೋಗದಿದ್ದರೆ ಸಾಫ್ಟ್‌ವೇರ್ ಕೆಟ್ಟಿರಬಹುದು. ಅದನ್ನು ಮತ್ತೆ ತುಂಬಬಹುದು, ಆದರೆ ಅದೇ ಮಾಡೆಲ್ಲಿನ ಅದೇ ಬೋರ್ಡಿನ ಫೈಲ್ ಆಗಿರಬೇಕು. ಹೆಸರು ಒಂದೇ ಇದ್ದು ಒಳಗಿನ ಬೋರ್ಡ್ ಬೇರೆ ಇರುವ ಡಿವಿಆರ್‌ಗಳು ಬೇಕಾದಷ್ಟಿವೆ. ಎಲ್ಲೋ ಸಿಕ್ಕ ಫೈಲ್ ಹಾಕಿದರೆ ಅರ್ಧ ಜೀವ ಇದ್ದದ್ದೂ ಹೋಗುತ್ತದೆ. ನನ್ನನ್ನು ಕೇಳಿದರೆ, ನಾಲ್ಕು ವರ್ಷದ ಎಂಟು ಚಾನೆಲ್ ಡಿವಿಆರ್‌ನ ಬೋರ್ಡ್ ನಿಜವಾಗಿ ಹೋಗಿದ್ದರೆ ಹೊಸದು ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ನಿಮ್ಮ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ಲಿನದು ಅಂತ ಹೇಳಿ, ಅದಕ್ಕೆ ಹೊಂದುವುದನ್ನೇ ಕೇಳಿ. ಜೊತೆಗೆ ಹೊಸ ಡಿಸ್ಕನ್ನೂ ತನ್ನಿ. ನಾಲ್ಕು ವರ್ಷ ಹಗಲು ರಾತ್ರಿ ಅಂದ್ರೆ 35,000 ಗಂಟೆ ತಿರುಗಿದ ಡಿಸ್ಕ್ ಅದು. ಅದನ್ನು ಮತ್ತೆ ದುಡಿಸಬೇಡಿ, ತಕರಾರು ಮುಗಿಯುವವರೆಗೆ ಬೀಗ ಹಾಕಿ ಇಡಿ.

ಇನ್ನು ನಿಮಗೆ ಬಂದ ಸಲಹೆಗಳ ಬಗ್ಗೆ. ಒಳಗಿನ ಬಿಲ್ಲೆ ಬ್ಯಾಟರಿ ಗಡಿಯಾರ ನಡೆಸುವುದಕ್ಕೆ ಇರುವುದು. ಅದು ಸತ್ತರೆ ತಾರೀಖು 1970ಕ್ಕೋ 2000ಕ್ಕೋ ಹೋಗುತ್ತದೆ, ಸಾಮಾನ್ಯವಾಗಿ ಡಿವಿಆರ್ ಏಳುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಈಗಿನ ಡಿವಿಆರ್‌ಗಳಲ್ಲಿ ಅದನ್ನು ತೆಗೆದರೆ ಪಾಸ್‌ವರ್ಡ್ ಕೂಡ ಹೋಗುವುದಿಲ್ಲ. ಆದರೆ ಒಂದು ಉಪಯೋಗದ ಮಾತು ಇದೆ: ಡಿವಿಆರ್ ಎದ್ದ ಮೇಲೆ ಆ ದಿನದ ರೆಕಾರ್ಡಿಂಗ್ ಕಾಣಿಸದಿದ್ದರೆ, ಗಡಿಯಾರ ತಪ್ಪಿತ್ತೇನೋ ಅಂತ ಆ ಹಳೆಯ ತಾರೀಖುಗಳಲ್ಲೂ ಹುಡುಕಿ. ಕಳೆದೇಹೋಯಿತು ಅಂತ ಅಳುವ ಹಂತಕ್ಕೆ ಬಂದವರಿಗೆ ಅಲ್ಲಿ ಸಿಕ್ಕಿದ್ದು ಇದೆ.

ಫ್ರಿಡ್ಜಿನ ಮಾತು ಮರೆತುಬಿಡಿ. ತಣ್ಣಗಿನ ಡಿಸ್ಕ್ ಹೊರಗೆ ಬಂದಾಗ ಸೋಡಾ ಬಾಟಲಿ ಬೆವರುವ ಹಾಗೆ ಬೆವರುತ್ತದೆ, ಒಳಗೂ ತೇವ ಕೂರುತ್ತದೆ. ಅಂಥ ಡಿಸ್ಕಿನ ಮೇಲೆ ಹೆಡ್ ಓಡಿದರೆ ಮೇಲ್ಮೈ ಕೆರೆದುಹೋಗುತ್ತದೆ.

ಮಗನ ಯೋಚನೆ ತಪ್ಪೇನಲ್ಲ, ಆದರೆ ಅಪಾಯ ಇದೆ. ಡಿವಿಆರ್‌ಗಳು ಡಿಸ್ಕಿನಲ್ಲಿ ತಮ್ಮದೇ ರೀತಿಯಲ್ಲಿ ಬರೆಯುತ್ತವೆ, ವಿಂಡೋಸಿಗೆ ಅದು ಓದಲು ಬರುವುದಿಲ್ಲ. ಅದು ಖಾಲಿ ಡಿಸ್ಕ್ ಅಂದುಕೊಂಡು 'ಇನಿಷಿಯಲೈಸ್ ಮಾಡಲಾ', 'ಫಾರ್ಮ್ಯಾಟ್ ಮಾಡಲಾ' ಅಂತ ಕೇಳುತ್ತದೆ. ಒಂದು ಸಲ ಹೂಂ ಅಂದರೆ ಮುಗೀತು. ಮಗನಿಗೆ ಲಿನಕ್ಸ್ ಗೊತ್ತಿದ್ದರೆ ಡಿಡಿರೆಸ್ಕ್ಯೂ ಅನ್ನುವ ಉಚಿತ ಸಾಧನದಿಂದ ಅಷ್ಟೇ ದೊಡ್ಡ ಅಥವಾ ಇನ್ನೂ ದೊಡ್ಡ ಬೇರೆ ಡಿಸ್ಕಿಗೆ ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿಸಿ. ಯಾವುದು ಮೂಲ, ಯಾವುದು ಖಾಲಿ ಅಂತ ಮೂರು ಸಲ ನೋಡಿಕೊಳ್ಳಲಿ. ಆಮೇಲೆ ಏನೇ ಪ್ರಯೋಗ ಇದ್ದರೂ ನಕಲಿನ ಮೇಲೆ ಮಾಡಿ.

ಎಲ್ಲಕ್ಕಿಂತ ಸುಲಭದ ದಾರಿ, ನಿಮ್ಮದೇ ಡಿವಿಆರ್ ಹೊಸ ಅಡಾಪ್ಟರಿನಿಂದ ಎದ್ದರೆ ಅದರಲ್ಲೇ ಡಿಸ್ಕ್ ಹಾಕಿ ನೋಡುವುದು. ಅದು ಏಳದಿದ್ದರೆ ಅದೇ ಕಂಪನಿಯ, ಆದಷ್ಟು ಅದೇ ಮಾಡೆಲ್ಲಿನ ಇನ್ನೊಂದರಲ್ಲಿ. ಯಾವುದರಲ್ಲೇ ಆಗಲಿ, ಕ್ಯಾಮೆರಾ ಕೇಬಲ್ ಒಂದೂ ಹಾಕಬೇಡಿ. ಇದನ್ನು ನಾನು ನಷ್ಟ ಮಾಡಿ ಕಲಿತವನು. ಈ ಕೆಲಸ ಶುರು ಮಾಡಿದ ಹೊಸತರಲ್ಲಿ, ರಾಯಚೂರಿನ ಒಂದು ಅಂಗಡಿಯ ಡಿಸ್ಕನ್ನು ಬೇರೆ ಡಿವಿಆರ್‌ಗೆ ಹಾಕಿ, ಕ್ಯಾಮೆರಾಗಳನ್ನೂ ಜೋಡಿಸಿ, ಊಟ ಮಾಡಿ ಬರೋಣ ಅಂತ ಹೋದೆ. ಡಿಸ್ಕ್ ತುಂಬಿತ್ತು. ಅದು ತನ್ನ ಪಾಡಿಗೆ ಹಳೆಯದನ್ನು ಅಳಿಸಿ ಹೊಸದು ಬರೆಯುತ್ತಾ ಹೋಯಿತು. ಅವರಿಗೆ ಬೇಕಾಗಿದ್ದು ಡಿಸ್ಕಿನಲ್ಲಿದ್ದ ಅತಿ ಹಳೆಯ ರಾತ್ರಿ. ನಾನು ವಾಪಸ್ ಬಂದಾಗ ಅದರ ಮೊದಲ ಎರಡು ಗಂಟೆ ಇರಲಿಲ್ಲ. ಆ ಅಂಗಡಿಯವರ ಮುಖ ನನಗೆ ಇವತ್ತಿಗೂ ನೆನಪಿದೆ.

ನಿಮ್ಮ ಲೆಕ್ಕ ಹೇಳುತ್ತೇನೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆಯುತ್ತದೆ ಅಂತ ಹಿಡಿದರೆ ದಿನಕ್ಕೆ ಸುಮಾರು 21.6 ಜಿಬಿ, ಎಂಟು ಕ್ಯಾಮೆರಾಗೆ 173 ಜಿಬಿ. 2 ಟಿಬಿ ಡಿಸ್ಕ್ ಹನ್ನೊಂದು ಹನ್ನೆರಡು ದಿನಕ್ಕೆ ತುಂಬಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಿಮಗೆ ಬೇಕಾದ ದಿನ ಕೊನೆಯದಕ್ಕಿಂತ ಒಂದು ದಿನ ಹಿಂದಿನದು, ಹಾಗಾಗಿ ತಕ್ಷಣಕ್ಕೆ ಅಳಿಯುವ ಸಾಲಿನಲ್ಲಿ ಇಲ್ಲ. ಆದರೆ ಹೊಸ ಡಿವಿಆರ್ ಪರಿಚಯವಿಲ್ಲದ ಡಿಸ್ಕ್ ಕಂಡರೆ ಫಾರ್ಮ್ಯಾಟ್ ಕೇಳುತ್ತದೆ, ಅಲ್ಲಿ ಬೇಡ ಅಂತ ಒತ್ತಿ, ಆಫ್ ಮಾಡಿ, ಡಿಸ್ಕ್ ಹೊರಗೆ ತೆಗೆಯಿರಿ.

ಡಿಸ್ಕಿಗೆ ಕರೆಂಟ್ ಕೊಟ್ಟಾಗ ಕಿವಿ ಇಟ್ಟು ಕೇಳಿ. ಒಂದೇ ಸಮನೆ ಗುಂಯ್ ಅಂತ ತಿರುಗಿದರೆ ಒಳ್ಳೆಯದು. ಗಟ್ಟಿ ಅಡಾಪ್ಟರ್ ಇದ್ದಾಗಲೂ ಟಕ್ ಟಕ್ ಟಕ್ ಅಂತ ಹೊಡೆದುಕೊಂಡರೆ, ಕೆರೆದ ಹಾಗೆ ಸದ್ದು ಬಂದರೆ, ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಸಲ ನೋಡೋಣ ಅನ್ನಬೇಡಿ, ಒಂದೊಂದು ಸಲಕ್ಕೂ ಸ್ವಲ್ಪ ಸ್ವಲ್ಪ ಅಳಿಯುತ್ತದೆ. ಬೆಂಗಳೂರು, ಹೈದರಾಬಾದಿನಲ್ಲಿ ಡೇಟಾ ರಿಕವರಿ ಲ್ಯಾಬುಗಳಿವೆ. ಖರ್ಚು ಜಾಸ್ತಿ, ಸಿಕ್ಕೇ ಸಿಗುತ್ತದೆ ಅಂತ ಭರವಸೆ ಇಲ್ಲ. ಚೀಲದ ಲೆಕ್ಕದ ಮೊತ್ತ ಎಷ್ಟು, ಲ್ಯಾಬಿನ ಖರ್ಚು ಎಷ್ಟು ಅಂತ ತೂಗಿ ನೋಡಿ ನೀವೇ ತೀರ್ಮಾನ ಮಾಡಬೇಕು. ಊರಲ್ಲಿ ಯಾರಾದರೂ ಡಿಸ್ಕಿನ ಮುಚ್ಚಳ ಬಿಚ್ಚಿ ಸರಿ ಮಾಡ್ತೀನಿ ಅಂದರೆ ಕೊಡಬೇಡಿ. ಕಣ್ಣಿಗೆ ಕಾಣದ ಧೂಳಿನ ಕಣವೂ ಅದನ್ನು ಹಾಳು ಮಾಡುತ್ತದೆ.

ತಕರಾರು ಪೊಲೀಸ್ ಠಾಣೆಗೋ ಕೋರ್ಟಿಗೋ ಹೋಗುವ ಹಾಗಿದ್ದರೆ ಇನ್ನೊಂದು ವಿಷಯ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ 63ನೇ ಸೆಕ್ಷನ್ ಪ್ರಕಾರ ಪೆನ್‌ಡ್ರೈವಿನಲ್ಲಿ ಕೊಡುವ ನಕಲಿನ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲ್ ಬದಲಾಗಿಲ್ಲ ಅಂತ ತೋರಿಸುವ ಗುರುತಿನ ಸಂಖ್ಯೆ) ಬರೆಯಬೇಕು. ಒಂದು ಭಾಗಕ್ಕೆ ನೀವು, ಇನ್ನೊಂದು ಭಾಗಕ್ಕೆ ತಜ್ಞರು ಸಹಿ ಹಾಕಬೇಕು. ಇದನ್ನು ವಕೀಲರ ಹತ್ತಿರ ಕೇಳಿಯೇ ಮುಂದುವರಿಯಿರಿ. ಅಷ್ಟರವರೆಗೆ ಡಿಸ್ಕನ್ನು ಯಾರ ಕೈಗೆ, ಯಾವತ್ತು ಕೊಟ್ಟಿರಿ, ಯಾವತ್ತು ವಾಪಸ್ ಬಂತು ಅಂತ ಬರೆದಿಡಿ. ವಿಡಿಯೋವನ್ನು ಡಿವಿಆರ್‌ನಿಂದಲೇ ಬ್ಯಾಕಪ್ ತೆಗೆಯಿರಿ, ಸ್ಕ್ರೀನಿನ ಮೇಲೆ ಓಡುವುದನ್ನು ಮೊಬೈಲಿನಲ್ಲಿ ಶೂಟ್ ಮಾಡಿಟ್ಟುಕೊಂಡು ಅದೇ ಸಾಕು ಅಂದುಕೊಳ್ಳಬೇಡಿ.

ಡಿವಿಆರ್ ಎದ್ದ ಮೇಲೆ ಅದೇ ಪೆಟ್ಟಿಗೆಗೆ ಅದನ್ನು ವಾಪಸ್ ತುರುಕಬೇಡಿ. ತೌಡು ಬರದ ಗೋಡೆಗೆ, ಎದೆಯ ಎತ್ತರದಲ್ಲಿ, ಗಾಳಿ ಆಡುವ ಹಾಗೆ ಹಾಕಿಸಿ. ಡಿವಿಆರ್ ಮತ್ತು ಎಂಟು ಕ್ಯಾಮೆರಾ ಸೇರಿ 60, 70 ವ್ಯಾಟ್ ದಾಟುವುದು ಕಮ್ಮಿ, ಕಂಪ್ಯೂಟರಿಗೆ ಹಾಕುವ 600 ವಿಎ ಯುಪಿಎಸ್ ಸಾಕು. ಮಿಲ್ಲಿನ ದೊಡ್ಡ ಮೋಟರ್ ಇರುವ ಫೇಸಿನಿಂದ ಬೇರೆ ಫೇಸಿಗೆ ಆಫೀಸಿನ ಲೈನ್ ಹಾಕಿಸಲು ಆಗುತ್ತದಾ ಅಂತ ಎಲೆಕ್ಟ್ರಿಷಿಯನ್ನನ್ನು ಕೇಳಿ. ನ್ಯೂಟ್ರಲ್ ಜಾಯಿಂಟ್ ಬಿಗಿ ಇದೆಯಾ ಅಂತಲೂ ನೋಡಿಸಿ. ಅದು ಸಡಿಲ ಆದರೆ 230 ಬರಬೇಕಾದಲ್ಲಿ 400ರ ಹತ್ತಿರವೂ ಬರಬಹುದು, ಆಗ ಯಾವ ಅಡಾಪ್ಟರೂ ಉಳಿಯಲ್ಲ. ಜನರೇಟರ್‌ಗೆ ಬದಲಿಸುವಾಗಲೂ ಡಿವಿಆರ್ ಯುಪಿಎಸ್ ಮೇಲೇ ಇರಲಿ. ಅರ್ಥಿಂಗ್ ಗುಂಡಿಗೆ ಕೊನೆಯದಾಗಿ ನೀರು ಹಾಕಿದ್ದು ಯಾವಾಗ ಅಂತ ನೆನಪಿಲ್ಲದಿದ್ದರೆ ಅದನ್ನೂ ಪರೀಕ್ಷೆ ಮಾಡಿಸುವ ಟೈಮ್ ಬಂದಿದೆ.

ವಾರಕ್ಕೊಮ್ಮೆ ಫೋನಿನಲ್ಲಿ ನಿನ್ನೆಯ ರೆಕಾರ್ಡಿಂಗ್ ಎರಡು ನಿಮಿಷ ಓಡಿಸಿ ನೋಡಿ. ಲೈವ್ ಬರುತ್ತಿದೆ ಅಂತ ಸುಮ್ನೆ ಇರಬೇಡಿ, ಡಿಸ್ಕ್ ಸತ್ತಿದ್ದರೂ ಲೈವ್ ಬರುತ್ತದೆ.

ಸದ್ಯಕ್ಕೆ ಅಡಾಪ್ಟರ್ ಲೇಬಲ್ಲಿನ ಫೋಟೋ, ಬಲ್ಬ್ ಹಾಕಿದಾಗ ಮೀಟರ್ ತೋರಿಸಿದ ಅಂಕಿ, ಮತ್ತು ಡಿಸ್ಕ್ ಇಲ್ಲದೆ ಆನ್ ಮಾಡಿದಾಗ ಏನಾಯ್ತು, ಈ ಮೂರನ್ನು ಬರೆದು ಕಳಿಸಿ. ಡಿಸ್ಕನ್ನು ವಾಪಸ್ ಹಾಕುವ ಮೊದಲು ಕಳಿಸಿ, ನೋಡಿ ಮುಂದಿನದು ಹೇಳುತ್ತೇನೆ.